ಇ-ಆಧಾರ್ ಪತ್ರದ ಹಳದಿ ಪ್ರಶ್ನೆ ಗುರುತು

ಕೇಳುಗರೆಲ್ಲರಿಗೂ ನಮಸ್ಕಾರ.

ಇ-ಆಧಾರ್ ಪತ್ರವನ್ನು ಕಂಪ್ಯೂಟರಿಗೆ ಇಳಿಸಿಕೊಂಡು ತೆರೆದಾಗ, ಸಹಿಯ ಜಾಗದಲ್ಲಿ ಹಳದಿ ಪ್ರಶ್ನೆ ಗುರುತೂ 'ವ್ಯಾಲಿಡಿಟಿ ಅನ್‌ನೋನ್' ಎಂಬ ಬರಹವೂ ಕಾಣಿಸುವುದನ್ನು ನಿಮ್ಮಲ್ಲಿ ಅನೇಕರು ನೋಡಿರುತ್ತೀರಿ. ಅದನ್ನು ಕಂಡು ಹೆದರುವವರಿಗೆ ನಾನು ಹೇಳಬೇಕಾದದ್ದು ಒಂದೇ ಮಾತು: ಆ ಗುರುತು ಕಂಡ ಮಾತ್ರಕ್ಕೆ ಪತ್ರ ಸುಳ್ಳಲ್ಲ, ಸಾಮಾನ್ಯವಾಗಿ ನಿಮ್ಮ ಕಂಪ್ಯೂಟರಿನ ನಂಬಿಕೆಯ ಪಟ್ಟಿಯಲ್ಲಿ ಮೂಲ ಪ್ರಮಾಣಪತ್ರ, ಅಂದರೆ ಆ ಸಹಿಗೆ ಎಲ್ಲಕ್ಕಿಂತ ಮೇಲಿನ ಆಧಾರವಾದ ಪ್ರಮಾಣಪತ್ರ, ಇರುವುದಿಲ್ಲ.

ನಮ್ಮ ಬೀದಿಯಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ಅವರು ಝೆರಾಕ್ಸ್ ಅಂಗಡಿಯಲ್ಲಿ ಇ-ಆಧಾರ್ ಮುದ್ರಿಸಿಕೊಂಡು ಒಂದು ಕಚೇರಿಗೆ ಹೋದರೆ, ಪ್ರಶ್ನೆ ಗುರುತು ಇರುವ ಪತ್ರ ನಡೆಯುವುದಿಲ್ಲವೆಂದು ಹಿಂದಕ್ಕೆ ಕಳುಹಿಸಿದರು. ಮತ್ತೆ ಇಳಿಸಿಕೊಂಡು ಬಣ್ಣದಲ್ಲಿ ಮುದ್ರಿಸಿದರೂ ಗುರುತು ಹೋಗಲಿಲ್ಲ. ಅಂಗಡಿಯ ಹುಡುಗ ಅಡೋಬಿ ರೀಡರ್ ತಂತ್ರಾಂಶವನ್ನೇ ತೆಗೆದು ಹೊಸದಾಗಿ ಹಾಕಿದ, ಆಗಲೂ ಅದೇ. ಮೂರನೆಯ ದಿನ ಸಂಜೆ ನಮ್ಮ ಮನೆಗೆ ಬಂದ ಮೇಷ್ಟ್ರು, "ಎಷ್ಟು ಮಕ್ಕಳಿಗೆ ಟಿ.ಸಿ. ಬರೆದುಕೊಟ್ಟವನು ನಾನು, ಈಗ ನನ್ನ ಗುರುತೇ ಸುಳ್ಳಾಯಿತೇ?" ಎಂದರು. ಅವರ ಧ್ವನಿ ನಡುಗುತ್ತಿತ್ತು. ನಾನು ಕೇಳಿದೆ: "ಮೇಷ್ಟ್ರೇ, ಹೊರರಾಜ್ಯದ ಶಾಲೆಯವರಿಗೆ ನಿಮ್ಮ ಸಹಿ ಗೊತ್ತಿರುವುದಿಲ್ಲವಲ್ಲ, ಆಗೇನು ಮಾಡುತ್ತಿದ್ದಿರಿ?" ಅವರು ತಕ್ಷಣ, "ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜು ಹಾಕಿಸಿ ಕೊಡುತ್ತಿದ್ದೆವು" ಎಂದರು. ವಿಷಯ ಅವರಿಗೆ ಅಲ್ಲೇ ಅರ್ಥವಾಯಿತು.

ಡಿಜಿಟಲ್ ಸಹಿಗೂ ಮೇಲುರುಜು ಇದೆ. ಸಹಿ ಮಾಡಿದವರಿಗೆ ಪರವಾನಗಿ ಪಡೆದ ಸಂಸ್ಥೆಯೊಂದು ಪ್ರಮಾಣಪತ್ರ ಕೊಟ್ಟಿರುತ್ತದೆ. ಆ ಸಂಸ್ಥೆಗೆ 2000ನೆಯ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯಿದೆಯಡಿ ನೇಮಕವಾದ ನಿಯಂತ್ರಕರು ಪ್ರಮಾಣಪತ್ರ ಕೊಟ್ಟಿರುತ್ತಾರೆ. ಎಲ್ಲಕ್ಕೂ ಮೇಲಿರುವ ಆ ನಿಯಂತ್ರಕರ ಮೂಲ ಪ್ರಮಾಣಪತ್ರದ ಹೆಸರು 'ಸಿಸಿಎ ಇಂಡಿಯಾ'. ಆ ಹೆಸರಿನ ಪರಿಚಯ ರೀಡರ್‌ಗೆ ಇಲ್ಲದಿದ್ದಾಗ ಪ್ರಶ್ನೆ ಗುರುತು ಬರುತ್ತದೆ. ಪತ್ರವನ್ನು ಹತ್ತು ಸಲ ಇಳಿಸಿಕೊಂಡರೂ ಮೂಲ ಪ್ರಮಾಣಪತ್ರ ರೀಡರ್‌ನ ನಂಬಿಕೆಯ ಪಟ್ಟಿಗೆ ತಾನಾಗಿ ಸೇರುವುದಿಲ್ಲ.

ಸರಿಪಡಿಸಲು ಪತ್ರವನ್ನು ಬ್ರೌಸರಿನಲ್ಲಿ ತೆರೆಯದೆ ಅಡೋಬಿ ರೀಡರ್‌ನಲ್ಲೇ ತೆರೆಯಿರಿ. ಪ್ರಶ್ನೆ ಗುರುತಿನ ಮೇಲೆ ಮೌಸಿನ ಬಲಗುಂಡಿ ಒತ್ತಿ, ಸಹಿಯ ವಿವರಕ್ಕೆ ಹೋಗಿ, ಅಲ್ಲಿಂದ 'ಶೋ ಸರ್ಟಿಫಿಕೇಟ್' ಎಂಬಲ್ಲಿಗೆ ಬನ್ನಿ. ಎಡಗಡೆಯ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಸಿಸಿಎ ಇಂಡಿಯಾ ಎಂದೇ ಇದೆಯೇ (ಅದರ ಮುಂದೆ ಇಸವಿ ಇರಬಹುದು) ಎಂದು ದಯವಿಟ್ಟು ಓದಿ ನೋಡಿ. ಬೇರೆ ಹೆಸರಿದ್ದರೆ ಮುಂದುವರಿಯಬೇಡಿ. ಅದೇ ಇದ್ದರೆ ಅದನ್ನು ಆರಿಸಿ, 'ಟ್ರಸ್ಟ್' ವಿಭಾಗದಲ್ಲಿ 'ಆ್ಯಡ್ ಟು ಟ್ರಸ್ಟೆಡ್ ಐಡೆಂಟಿಟೀಸ್' ಒತ್ತಿ ಒಪ್ಪಿಗೆ ಕೊಟ್ಟು, ಸಹಿಯನ್ನು ಮತ್ತೊಮ್ಮೆ ಪರಿಶೀಲಿಸಲು ಹೇಳಿ. ಹಸಿರು ಗುರುತು ಬರುತ್ತದೆ. ಝೆರಾಕ್ಸ್ ಅಂಗಡಿಯವರೇ, ನಿಮ್ಮ ಕಂಪ್ಯೂಟರಿನಲ್ಲಿ ಇದನ್ನು ಒಮ್ಮೆ ಮಾಡಿಟ್ಟರೆ, ಅದೇ ಮೂಲದಡಿ ಸಹಿಯಾದ ಮುಂದಿನ ಪತ್ರಗಳನ್ನು ಅದು ತಾನಾಗಿಯೇ ಗುರುತಿಸುತ್ತದೆ. ಐದು ನಿಮಿಷದ ಈ ಕೆಲಸವನ್ನು ಮಾಡದೆ ವಯಸ್ಸಾದವರನ್ನು ಮೂರು ದಿನ ಅಲೆಸುವುದು ನ್ಯಾಯವಲ್ಲ.

ಕಚೇರಿಗಳಲ್ಲಿ ಕುಳಿತು ಕೇಳುತ್ತಿರುವವರಿಗೂ ಒಂದು ಕೋರಿಕೆ: ಡಿಜಿಟಲ್ ಸಹಿ ಇರುವುದು ಕಡತದೊಳಗೆ, ಆದ್ದರಿಂದ ಕಾಗದದ ಮೇಲೆ ಮೂಡಿದ ಗುರುತು ಹಳದಿಯಾಗಿರಲಿ, ಹಸಿರಾಗಿರಲಿ, ಅದರಿಂದ ಏನನ್ನೂ ತೀರ್ಮಾನಿಸಲಾಗದು. ಕಾಗದವೇ ಮುಂದಿದ್ದರೆ ಅದರ ಕ್ಯೂಆರ್ ಕೋಡನ್ನು ಸ್ಕ್ಯಾನ್ ಮಾಡಿ ನೋಡಿ.

ಕಂಪ್ಯೂಟರಿನ ದಿನಾಂಕ ತಪ್ಪಿದ್ದರೂ ಸಹಿಯ ಪರಿಶೀಲನೆ ಕೆಡಬಹುದು. ಮೊದಲು ಅದನ್ನು ನೋಡಿಕೊಂಡು, ಆಮೇಲೆ ಮೂಲ ಪ್ರಮಾಣಪತ್ರ ಸೇರಿಸಿ. ನಮಸ್ಕಾರ.