ಬನ್ಸ್ ಹಿಟ್ಟು ರಾತ್ರಿಯೇ ಕಲಸಿ

ಕೇಳುಗರೆಲ್ಲರಿಗೂ ನಮಸ್ಕಾರ.

ಮನೆಗೆ ತಂದ ಬಾಳೆಹಣ್ಣಿನ ಸಿಪ್ಪೆ ಕಪ್ಪಾಗತೊಡಗಿ, ಇನ್ನು ಯಾರೂ ಇದನ್ನು ಮುಟ್ಟುವುದಿಲ್ಲ ಎಂಬ ಹಂತಕ್ಕೆ ಬಂತು ಎಂದುಕೊಳ್ಳಿ. ಉಡುಪಿ, ಮಂಗಳೂರು ಕಡೆಯ ಮನೆಗಳಲ್ಲಿ ಆ ಹಣ್ಣು ಕಸಕ್ಕೆ ಹೋಗುವುದಿಲ್ಲ. ರಾತ್ರಿ ಮೈದಾದ ಜೊತೆ ಕಲಸಿಟ್ಟರೆ ಬೆಳಿಗ್ಗೆ ಬನ್ಸ್. ಬೇಕರಿಯ ಬನ್ನಿಗೂ ಇದಕ್ಕೂ ನಂಟಿಲ್ಲ. ಇದು ಎಣ್ಣೆಯಲ್ಲಿ ಕರಿದದ್ದು, ಪೂರಿಗಿಂತ ದಪ್ಪ, ತುಸು ಸಿಹಿ, ನಡುನಡುವೆ ಜೀರಿಗೆ. ಕರಾವಳಿಯ ಹೋಟೆಲುಗಳಲ್ಲಿ ಬೆಳಗಿನ ತಿಂಡಿಗೂ ಸಂಜೆಯ ಚಹಾಕ್ಕೂ ಗೋಳಿಬಜೆಯ ಜೊತೆಜೊತೆಗೆ ನಡೆಯುವ ತಿಂಡಿ.

ಮನೆಯಲ್ಲಿ ಮಾಡಿದವರ ದೂರುಗಳು ಹೆಚ್ಚುಕಮ್ಮಿ ಇವೇ: ಉಬ್ಬಲಿಲ್ಲ, ಎಣ್ಣೆ ಕುಡಿಯಿತು, ಹೊರಗೆ ಕಪ್ಪಾಗಿ ಒಳಗೆ ಹಸಿ ಉಳಿಯಿತು. ಆಗ ಹಲವರು ಮಾಡುವ ಮದ್ದು ಒಂದೇ, ಮುಂದಿನ ಸಲ ಇನ್ನೊಂದು ಚಿಟಿಕೆ ಸೋಡಾ. ಎಂಟು ಗಂಟೆ ಕಾಯಬೇಕಾದ ಹಿಟ್ಟನ್ನು ಒಂದು ಗಂಟೆಯಲ್ಲಿ ಮುಗಿಸಲು ಹೊರಟವರೂ ಸೋಡಾ ಡಬ್ಬಿಗೇ ಕೈ ಹಾಕುತ್ತಾರೆ. ಬನ್ಸ್ ಕೆಡುವುದು ಬಹುಪಾಲು ಅಲ್ಲಿಂದಲೇ.

ಮೊದಲು ಅಳತೆ ಹೇಳುತ್ತೇನೆ, ಬರೆದುಕೊಳ್ಳುವವರು ಬರೆದುಕೊಳ್ಳಿ. ಮೈದಾ ಕಾಲು ಕಿಲೋ, ಅಂದರೆ ಅಳತೆಯ ಕಪ್ಪಿನಲ್ಲಿ ಸುಮಾರು 2 ಕಪ್. ಸಿಪ್ಪೆ ತೆಗೆದ ಬಾಳೆಹಣ್ಣು 150 ಗ್ರಾಂ. ಸಕ್ಕರೆ 3 ದೊಡ್ಡ ಚಮಚ. ತುಸು ಹುಳಿಯಾದ ಗಟ್ಟಿ ಮೊಸರು 2 ದೊಡ್ಡ ಚಮಚ. ಅಡುಗೆ ಸೋಡಾ ಕಾಲು ಟೀ ಚಮಚ, ಅದೂ ಚಮಚದ ಮಟ್ಟಕ್ಕೆ ಸರಿಯಾಗಿ, ಗುಡ್ಡೆಯಾಗಿ ಅಲ್ಲ. ಜೀರಿಗೆ ಅರ್ಧ ಟೀ ಚಮಚ, ಪುಡಿ ಮಾಡದೆ ಇಡಿಯಾಗಿ. ಉಪ್ಪು ಕಾಲು ಟೀ ಚಮಚ. ತುಪ್ಪ ಒಂದು ಟೀ ಚಮಚ. ನೀರು ಬೇಡವೇ ಬೇಡ. ಇಷ್ಟರಲ್ಲಿ ಹನ್ನೊಂದು ಹನ್ನೆರಡು ಬನ್ಸ್ ಆಗುತ್ತವೆ.

ಇನ್ನೊಮ್ಮೆ, ಕಾಲು ಕಿಲೋ ಮೈದಾಕ್ಕೆ 150 ಗ್ರಾಂ ಹಣ್ಣು. ಇದೊಂದನ್ನು ನೆನಪಿಟ್ಟುಕೊಂಡರೆ ಉಳಿದದ್ದನ್ನು ಹೊಂದಿಸಿಕೊಳ್ಳಬಹುದು.

ಹಣ್ಣನ್ನು ಎಣಿಸಿ ಹಾಕುವ ಬದಲು ತೂಗಿ ಹಾಕುವುದು ಮೇಲು. ಏಲಕ್ಕಿ ಬಾಳೆಯಾದರೆ ಮೂರು ನಾಲ್ಕು ಬೇಕಾದೀತು, ಪಚ್ಚೆಬಾಳೆಯಾದರೆ ಒಂದೂಕಾಲು ಒಂದೂವರೆ ಸಾಕು. ‘ಎರಡು ಬಾಳೆಹಣ್ಣು’ ಎಂದು ಬರೆದಿಟ್ಟ ಅಳತೆಯನ್ನು ನಂಬಿ ಎರಡು ದೊಡ್ಡ ಪಚ್ಚೆಬಾಳೆ ಹಾಕಿದರೆ ಹಿಟ್ಟು ಕೈಗೆಲ್ಲ ಮೆತ್ತಿಕೊಳ್ಳುತ್ತದೆ. ಅದನ್ನು ಸರಿಮಾಡಲು ಮೈದಾ, ಮೈದಾ ಹೆಚ್ಚಾಯಿತೆಂದು ಸಕ್ಕರೆ, ಹೀಗೆ ಕೊನೆಗೆ ಇಡೀ ವಠಾರಕ್ಕೆ ಹಂಚುವಷ್ಟು ಹಿಟ್ಟು! ನೇಂದ್ರ ಬಾಳೆ ಇದಕ್ಕೆ ಒಗ್ಗುವುದಿಲ್ಲ, ಅದು ಗಟ್ಟಿ, ಹಿಟ್ಟುಹಿಟ್ಟು.

ಹಣ್ಣು ಎಷ್ಟು ಹಣ್ಣಾಗಿರಬೇಕು? ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ದಟ್ಟವಾಗಿರಬೇಕು, ಹಿಸುಕಿದರೆ ಬೆರಳು ಒಳಕ್ಕೆ ಇಳಿಯಬೇಕು. ಬಾಳೆ ಹಣ್ಣಾಗುತ್ತ ಅದರ ಪಿಷ್ಟ ಸಕ್ಕರೆಯಾಗುತ್ತದೆ. ರಾತ್ರಿಯಿಡೀ ಹಿಟ್ಟು ಹುಳಿ ಬರಲು ಆ ಸಕ್ಕರೆಯೇ ಆಹಾರ. ದೋರೆಗಾಯಿ ಹಾಕಿದರೆ ಪರಿಮಳವೂ ಇಲ್ಲ, ಸಿಹಿಯೂ ಇಲ್ಲ. ಆದರೆ ಒಳಗಿನ ತಿರುಳು ನೀರಾಗಿ ಹೆಂಡದ ವಾಸನೆ ಬರುತ್ತಿದ್ದರೆ ಅಂಥದ್ದು ಬನ್ಸಿಗೂ ಬೇಡ.

ಹಣ್ಣು, ಸಕ್ಕರೆ ಎರಡನ್ನೂ ಪಾತ್ರೆಗೆ ಹಾಕಿ ಕೈಯಲ್ಲೇ ಚೆನ್ನಾಗಿ ಕಿವುಚಿ. ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿದರೂ ತಪ್ಪೇನಿಲ್ಲ. ಗಂಟು ಉಳಿಯಬಾರದು, ಅಷ್ಟೇ. ಹಣ್ಣಿನ ಗಂಟು ಉಳಿದಲ್ಲಿ ಲಟ್ಟಿಸುವಾಗ ಹಿಟ್ಟು ಹರಿಯುತ್ತದೆ, ಎಣ್ಣೆಗೆ ಬಿಟ್ಟಾಗ ಆ ತೂತಿನಿಂದ ಹಬೆ ಹೊರಗೆ, ಎಣ್ಣೆ ಒಳಗೆ. ಸಕ್ಕರೆ ಪೂರ್ತಿ ಕರಗಿದ ಮೇಲೆ ಮೊಸರು, ಉಪ್ಪು, ಜೀರಿಗೆ, ಸೋಡಾ ಸೇರಿಸಿ. ಮೊಸರಿನ ಹುಳಿ ತಗುಲುತ್ತಿದ್ದಂತೆ ಸೋಡಾ ಸಣ್ಣಗೆ ನೊರೆಯೇಳುತ್ತದೆ. ಈಗ ಮೈದಾ. ಒಂದೇ ಸಲ ಸುರಿಯದೆ ಮುಕ್ಕಾಲು ಪಾಲು ಹಾಕಿ ಕಲಸಿ, ಉಳಿದದ್ದನ್ನು ಹಿಡಿಹಿಡಿಯಾಗಿ ಸೇರಿಸುತ್ತ ಹೋಗಿ. ಚಪಾತಿ ಹಿಟ್ಟಿಗಿಂತ ಮೆತ್ತಗಿದ್ದು, ಬೆರಳಿಗೆ ತುಸು ಅಂಟಿ ಬಿಡುವ ಹದಕ್ಕೆ ಬಂದಾಗ ನಿಲ್ಲಿಸಿ, ಮೈದಾ ಇನ್ನೂ ಉಳಿದಿದ್ದರೂ ಸರಿ. ಕೊನೆಗೆ ತುಪ್ಪ ಸವರಿ ನಾಲ್ಕೈದು ನಿಮಿಷ ನಾದಿ.

ಒಂದು ಎಚ್ಚರಿಕೆ. ಕಲಸಿದಾಗ ಸರಿಯಾಗಿದ್ದ ಹಿಟ್ಟು ಬೆಳಿಗ್ಗೆ ಇನ್ನಷ್ಟು ಮೆತ್ತಗಾಗಿರುತ್ತದೆ. ಹಿಟ್ಟು ಹುದುಗುತ್ತ ಸಡಿಲವಾಗುವುದು ಸಹಜ. ಹಾಗಾಗಿ ರಾತ್ರಿ ಲಟ್ಟಿಸುವಷ್ಟೇ ಮೆತ್ತಗೆ ಕಲಸಿದರೆ ಬೆಳಿಗ್ಗೆ ಲಟ್ಟಿಸಲಾಗದು. ಗಟ್ಟಿಯಾಗಿ ಕಲಸಿದರೆ ಉಬ್ಬದು. ಎರಡರ ನಡುವಿನ ಹದ ಕೈಗೆ ಹತ್ತಲು ಒಂದೆರಡು ಸಲ ಬೇಕು.

ಮುಚ್ಚಳ ಮುಚ್ಚಿ ಬಿಡಿ. ಎಷ್ಟು ಹೊತ್ತು? ಗಡಿಯಾರಕ್ಕಿಂತ ಹವೆಯನ್ನು ನೋಡಿ. ಕರಾವಳಿಯ ಸೆಕೆಯಲ್ಲಿ ಐದಾರು ಗಂಟೆ ಸಾಕು. ಬೆಂಗಳೂರು, ಮಡಿಕೇರಿಯ ಡಿಸೆಂಬರ್ ಚಳಿಯಲ್ಲಿ ಹತ್ತು ಹನ್ನೆರಡು ಗಂಟೆಯಾದರೂ ಬೇಕಾದೀತು. ಹಿಟ್ಟು ಇಡ್ಲಿ ಹಿಟ್ಟಿನಂತೆ ಪಾತ್ರೆ ತುಂಬಿ ಬರುವುದಿಲ್ಲ, ಅದನ್ನು ಕಾಯಬೇಡಿ. ತುಸು ಅಗಲಿಸಿರುತ್ತದೆ, ಒತ್ತಿದರೆ ಹಗುರವೆನಿಸುತ್ತದೆ, ಹರಿದು ನೋಡಿದರೆ ಒಳಗೆ ಸಣ್ಣ ಸಣ್ಣ ತೂತುಗಳು, ಮೂಗಿಗೆ ಹಣ್ಣಿನ ಜೊತೆ ಮೆಲುವಾದ ಹುಳಿ ವಾಸನೆ. ಇದು ಮೊಸರು ಮತ್ತು ಹಣ್ಣಿನ ಜೊತೆ ಬಂದ ಸೂಕ್ಷ್ಮಜೀವಿಗಳ ಕೆಲಸ. ಈ ರುಚಿಯನ್ನು ಸೋಡಾ ಕೊಡಲಾರದು. ಸೋಡಾದ ಗಾಳಿ ಬಹುಪಾಲು ಕಲಸುವಾಗಲೇ ಎದ್ದು ಮುಗಿಯುತ್ತದೆ. ಹುಳಿಗೆ ಬೇಕಾದ್ದಕ್ಕಿಂತ ಹೆಚ್ಚು ಸೋಡಾ ಬಿದ್ದರೆ, ಮಿಕ್ಕಿದ್ದು ಸಾಬೂನಿನಂಥ ಕಟು ರುಚಿಯಾಗಿ ನಾಲಗೆಗೆ ತಾಗುತ್ತದೆ, ಬನ್ಸ್ ಬೇಗ ಕಪ್ಪಾಗುತ್ತದೆ, ಎಣ್ಣೆಯನ್ನೂ ಹೀರುತ್ತದೆ. ಇತ್ತ ಹೊತ್ತು ಮೀರಿದರೂ ಕಷ್ಟವೇ. ಹಿಟ್ಟಿನ ಜಿಗುಟು ಕಳೆದು, ಗಾಳಿ ಹಿಡಿದಿಡುವ ಶಕ್ತಿ ಹೋಗಿ, ಬನ್ಸ್ ಚಪ್ಪಟೆಯಾಗುತ್ತದೆ. ಬೆಳಿಗ್ಗೆ ತಡವಾಗುವುದು ಖಚಿತವಿದ್ದರೆ ಮಲಗುವ ಮೊದಲೇ ಫ್ರಿಜ್ಜಿಗೆ ಸೇರಿಸಿ, ಕರಿಯುವ ಒಂದು ಗಂಟೆ ಮುಂಚೆ ಹೊರಗಿಡಿ.

ಬೆಳಿಗ್ಗೆ ಹಿಟ್ಟನ್ನು ಅರ್ಧ ನಿಮಿಷ ಮಾತ್ರ ಮಿದ್ದಿ ಉಂಡೆ ಕಟ್ಟಿ. ಉಂಡೆ ದೊಡ್ಡ ನಿಂಬೆಹಣ್ಣಿನ ಗಾತ್ರ, ಸುಮಾರು 40 ಗ್ರಾಂ. ಲಟ್ಟಿಸುವಾಗ ಹಿಟ್ಟು ಉದುರಿಸುವ ಬದಲು ಮಣೆಗೆ ಎಣ್ಣೆ ಸವರಿಕೊಳ್ಳಿ. ಉದುರಿಸಿದ ಮೈದಾ ಬಾಣಲೆಯ ತಳ ಸೇರಿ ಸೀದು, ನಾಲ್ಕನೆಯ ಬನ್ಸಿನ ಹೊತ್ತಿಗೆ ಎಣ್ಣೆಯೇ ಕರಿ. ಅಗಲ 8 ಸೆಂಟಿಮೀಟರ್, ದಪ್ಪ ಅರ್ಧ ಸೆಂಟಿಮೀಟರಿಗಿಂತ ತುಸು ಹೆಚ್ಚು. ಪೂರಿಯಷ್ಟು ತೆಳುವಾದರೆ ಒಳಗೆ ತಿರುಳೇ ಇರುವುದಿಲ್ಲ, ಒಂದು ಸೆಂಟಿಮೀಟರ್ ದಾಟಿದರೆ ನಡು ಬೇಯುವುದಿಲ್ಲ. ಅಂಚು ತೆಳು, ನಡು ದಪ್ಪ ಆಗಕೂಡದು. ಎಲ್ಲವನ್ನೂ ಮೊದಲೇ ಲಟ್ಟಿಸಿ ಹರಡಿಡುವುದೂ ಬೇಡ. ಮೇಲ್ಮೈ ಒಣಗಿ ಸಣ್ಣ ಬಿರುಕು ಬಿಟ್ಟರೆ ಹಬೆ ನಿಲ್ಲುವುದಿಲ್ಲ. ಎರಡು ಮೂರು ಲಟ್ಟಿಸಿ, ಕರಿಯಿರಿ, ಮತ್ತೆ ಲಟ್ಟಿಸಿ.

ಎಣ್ಣೆ ಬನ್ಸ್ ತೇಲುವಷ್ಟು ಆಳ ಇರಲಿ. ಕರಾವಳಿಯವರ ಇಷ್ಟ ತೆಂಗಿನೆಣ್ಣೆ, ಪರಿಮಳಕ್ಕೆ ಅದೇ ಸರಿ. ಆದರೆ ಗಾಣದ ತೆಂಗಿನೆಣ್ಣೆ ಸುಮಾರು 175 ಡಿಗ್ರಿಯಲ್ಲೇ ಹೊಗೆಯಾಡತೊಡಗುತ್ತದೆ, ಬನ್ಸಿಗೆ ಬೇಕಾದ ಕಾವು 165ರಿಂದ 170. ಹೆಚ್ಚು ಅಂತರವಿಲ್ಲ, ಕಣ್ಣಿಟ್ಟಿರಬೇಕು. ಥರ್ಮಾಮೀಟರ್ ಯಾರ ಅಡುಗೆಮನೆಯಲ್ಲಿದೆ? ಕಡಲೆಬೇಳೆಯಷ್ಟು ಹಿಟ್ಟು ಹಾಕಿ ನೋಡಿ. ತಳಕ್ಕೆ ಹೋಗಿ, ಸುತ್ತ ಗುಳ್ಳೆ ಬಿಡುತ್ತ ನಿಧಾನವಾಗಿ ಮೇಲೆ ಬಂದರೆ ಹದ. ತಳದಲ್ಲೇ ಕೂತರೆ ಕಾವು ಸಾಲದು. ಹಾಕಿದ ಕ್ಷಣ ಮೇಲೆದ್ದು ಕೆಂಪಾದರೆ ಅತಿಯಾಯಿತು, ಒಲೆ ಆರಿಸಿ ಎರಡು ನಿಮಿಷ ಬಿಡಿ.

ಪೂರಿಯ ಉರಿಯಲ್ಲಿ ಬನ್ಸ್ ಕರಿಯುವುದೇ ಒಳಗೆ ಹಸಿ ಉಳಿಯಲು ಮುಖ್ಯ ಕಾರಣ. ಹಣ್ಣು, ಸಕ್ಕರೆ ಇರುವ ಹಿಟ್ಟು ಬೇಗ ಕೆಂಪಾಗುತ್ತದೆ, ನಡುವಿಗೆ ಕಾವು ತಲುಪುವ ಮೊದಲೇ ಹೊರಗೆ ಬಣ್ಣ ಬಂದಿರುತ್ತದೆ. ಮಧ್ಯಮ ಉರಿಯಲ್ಲಿ ಒಂದೊಂದೇ ಬಿಡಿ. ಮೇಲೆ ಬಂದ ಕೂಡಲೇ ಜಾಲರಿ ಸೌಟಿನ ಬೆನ್ನಿನಿಂದ ಮೆಲ್ಲಗೆ ಒತ್ತಿ, ಬಿಸಿ ಎಣ್ಣೆಯನ್ನು ಮೇಲೆ ಚಿಮುಕಿಸುತ್ತ ಬನ್ನಿ. ಉಬ್ಬಿತೆಂದರೆ ಮಗುಚಿ. ಎರಡೂ ಕಡೆ ಸೇರಿ ಸುಮಾರು ಎರಡು ನಿಮಿಷ, ಬಣ್ಣ ಗಾಢ ಕಂದು. ಪೂರಿಯ ಹೊಂಬಣ್ಣಕ್ಕೆ ತೆಗೆದರೆ ಒಳಗೆ ಹಿಟ್ಟು ಹಿಟ್ಟೇ. ಮೊದಲನೆಯದನ್ನು ಮುರಿದು ನೋಡಿ. ಒಳಗೆ ಟೊಳ್ಳು, ಗೋಡೆಗಂಟಿದಂತೆ ಎಳೆಎಳೆಯಾದ ಮೆತ್ತನೆಯ ತಿರುಳು ಇದ್ದರೆ ಉಳಿದದ್ದನ್ನು ಧೈರ್ಯವಾಗಿ ಕರಿಯಬಹುದು. ಬನ್ಸ್ ಬಣ್ಣ ಬಾರದೆ ಎಣ್ಣೆಯಲ್ಲಿ ಸುಮ್ಮನೆ ತೇಲುತ್ತಿದ್ದರೆ ಕಾವು ಇಳಿದಿದೆ ಎಂದರ್ಥ. ಹಾಗೆ ಎಣ್ಣೆ ಕುಡಿದದ್ದನ್ನು ಕಾಗದದ ಮೇಲೆ ಎಷ್ಟು ಹೊತ್ತು ಇಟ್ಟರೂ ಸರಿಹೋಗದು.

ಗೋಧಿ ಹಿಟ್ಟಿನಲ್ಲಿ ಮಾಡಬಹುದೇ ಎಂದು ಕೇಳುವವರಿದ್ದಾರೆ. ಮಾಡಬಹುದು. ಉಬ್ಬು ಕಡಿಮೆ, ತಿರುಳು ಬಿಗಿ, ರುಚಿಗೆ ಮೋಸವಿಲ್ಲ. ಗೋಧಿ ಹೆಚ್ಚು ತೇವ ಹೀರುವುದರಿಂದ ಮೊಸರು ಇನ್ನೊಂದು ಚಮಚ ಬೇಕು. ಅರ್ಧಕ್ಕರ್ಧ ಬೆರೆಸುವುದು ನಡುದಾರಿ. ಹೊರದೇಶದಲ್ಲಿದ್ದು ಆಲ್ ಪರ್ಪಸ್ ಹಿಟ್ಟು ಬಳಸುವವರು ಇದೇ ಅಳತೆಯಿಂದ ಶುರುಮಾಡಿ, ಹದ ನೋಡಿ ಹಿಟ್ಟು ಸೇರಿಸಿಕೊಳ್ಳಲಿ.

ಜೊತೆಗೆ ಏನು? ತೆಂಗಿನಕಾಯಿ ಚಟ್ನಿ, ಹಸಿಮೆಣಸು ತುಸು ಮುಂದಾಗಿಯೇ ಇರಲಿ, ಸಿಹಿಗೆ ಎದುರು ನಿಲ್ಲಬೇಕಲ್ಲ. ಸಾಂಬಾರಿನೊಂದಿಗೂ ತಿನ್ನುತ್ತಾರೆ. ಬರೀ ಚಹಾ ಇದ್ದರೂ ನಡೆಯುತ್ತದೆ.

ಆರಿದ ಬನ್ಸ್ ಪೂರಿಯಂತೆ ನಾರಾಗುವುದಿಲ್ಲ, ಸಂಜೆಯವರೆಗೂ ಮೆತ್ತಗೇ ಇರುತ್ತದೆ, ಪ್ರಯಾಣಕ್ಕೆ ಕಟ್ಟಿಕೊಳ್ಳಲು ಒಳ್ಳೆಯದು. ಬಿಸಿಯಿರುವಾಗ ಡಬ್ಬಿಗೆ ತುಂಬಿ ಮುಚ್ಚಬೇಡಿ, ಹಬೆ ನೀರಾಗಿ ಸಿಪ್ಪೆ ಸುಲಿಯುತ್ತದೆ. ಮರುದಿನಕ್ಕೆ ಉಳಿದರೆ ಎಣ್ಣೆ ಹಾಕದ ಕಾವಲಿಯಲ್ಲಿ ಸಣ್ಣ ಉರಿಯಲ್ಲಿ ಎರಡೂ ಬದಿ ಬೆಚ್ಚಗೆ ಮಾಡಿ. ಕರಿಯದೆ ಉಳಿದ ಹಿಟ್ಟು ಫ್ರಿಜ್ಜಿನಲ್ಲಿ ಇನ್ನೊಂದು ದಿನ ತಾಳುತ್ತದೆ, ಹುಳಿ ಮಾತ್ರ ಏರುತ್ತದೆ. ಅದಕ್ಕೆ ಮರುದಿನ ಸೋಡಾ ಸೇರಿಸಲು ಹೋಗಬೇಡಿ, ಒಂದು ಚಮಚ ಸಕ್ಕರೆ, ಒಂದು ಹಿಡಿ ಮೈದಾ ಸೇರಿಸಿ ನಾದಿ, ಅರ್ಧ ಗಂಟೆ ಬಿಟ್ಟು ಕರಿಯಿರಿ.

ನಮಸ್ಕಾರ.