ದೆವ್ವಕ್ಕೆ ಕಣ್ಣು ಮಗುವೇ ಇಡಲಿ

ಕೇಳುಗರೆಲ್ಲರಿಗೂ ನಮಸ್ಕಾರ.

ದಸರಾ ಸೂಟಿ ಬಂತು. ಮೂರರಿಂದ ಆರು ವರ್ಷದ ಮಕ್ಕಳನ್ನು ಮನೆಯಲ್ಲಿ ಹಿಡಿದು ಕೂರಿಸುವುದು ಹೇಗೆಂದು ಯೋಚಿಸುತ್ತಿರುವ ಅವ್ವಂದಿರಿಗೆ, ಅಜ್ಜಿ ಅಜ್ಜಂದಿರಿಗೆ ಇವತ್ತಿನ ಮಾತು. ದೆವ್ವ, ಎಲುಬಿನ ಗೊಂಬೆ, ಬಾವಲಿ, ಈ ಮೂರನ್ನು ಮನೆಯ ಸಾಮಾನಿನಲ್ಲೇ ಮಾಡೋಣ. ದೆವ್ವ ಭೂತಗಳ ವೇಷ ಹಾಕುವ ಅಕ್ಟೋಬರ್ 31ರ ಹ್ಯಾಲೋವೀನ್ ಹಬ್ಬ ಹೊರದೇಶದ್ದು, ನಿಜ. ಆದರೆ ಹೆದರಿಸುವ ಮುಖ ನಮಗೇನು ಹೊಸದೇ? ಕಟ್ಟುತ್ತಿರುವ ಮನೆಗೆ ದೃಷ್ಟಿ ತಾಗಬಾರದೆಂದು ಕರಿ ಗಡಿಗೆಗೆ ಬಿಳಿ ಬೊಟ್ಟಿಟ್ಟು ತೂಗುಹಾಕುವವರು ನಾವು. ಹೊಲದಲ್ಲಿ ಬೆದರುಗೊಂಬೆ ನಿಲ್ಲಿಸುವವರೂ ನಾವೇ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಏನನ್ನೇ ಮಾಡಿರಿ, ಅದರ ಕಣ್ಣನ್ನು ಮಗುವೇ ಇಡಬೇಕು. ನೀವಲ್ಲ, ಅಣ್ಣನಲ್ಲ, ಅಕ್ಕನಲ್ಲ.

ದೆವ್ವದಿಂದ ಶುರು ಮಾಡೋಣ. ಹಳೆಯ ಧೋತರದಿಂದ ಎರಡು ಅಡಿ ಚೌಕದ ತುಂಡು ಕತ್ತರಿಸಿಕೊಳ್ಳಿರಿ. ಅದು ನೂಲಿನ ಬಟ್ಟೆಯೇ ಆಗಿರಬೇಕು. ಪಾಲಿಸ್ಟರ್ ಗಂಜಿ ಹೀರುವುದಿಲ್ಲ, ಒಣಗಿದ ಮೇಲೂ ಜೋತು ಬೀಳುತ್ತದೆ. ಒಂದು ಲೋಟ ತಣ್ಣೀರಿಗೆ ಮೂರು ದೊಡ್ಡ ಚಮಚ ಮೈದಾ ಹಾಕಿ, ಗಂಟಿಲ್ಲದಂತೆ ಕಲಸಿ, ಆಮೇಲೆ ಒಲೆಗೆ ಇಡಿರಿ. ಬಿಸಿನೀರಿಗೆ ಹಿಟ್ಟು ಸುರಿದರೆ ಗಂಟು ಕಟ್ಟಿಕೊಳ್ಳುತ್ತದೆ. ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಇದ್ದು, ಗಂಜಿ ಚಮಚದ ಬೆನ್ನಿಗೆ ಅಂಟಿ ನಿಂತಾಗ ಇಳಿಸಿರಿ. ಪೂರ್ತಿ ಆರಲಿ, ಮಗು ಕೈ ಹಾಕುವುದಿದೆ.

ತಂಬಿಗೆಯ ಬಾಯಿಗೆ ತೆಂಗಿನಕಾಯಿ ಗಾತ್ರದ ಪುಗ್ಗಾ, ಅಂದರೆ ಬಲೂನು, ಇಟ್ಟು ಟೇಪು ಹಚ್ಚಿ, ಪುಗ್ಗಾಕ್ಕೆ ಕೊಬ್ಬರಿ ಎಣ್ಣೆ ಸವರಿರಿ. ಎಣ್ಣೆ ಮರೆತರೆ ಬಟ್ಟೆ ಅಂಟಿಕೊಳ್ಳುತ್ತದೆ. ಕೆಳಗೆ ಪ್ಲಾಸ್ಟಿಕ್ ಹಾಳೆ ಇರಲಿ. ಬಟ್ಟೆಯನ್ನು ಗಂಜಿಯಲ್ಲಿ ಅದ್ದಿ, ಹಿಂಡಿ, ಪುಗ್ಗಾದ ಮೇಲೆ ಹೊದಿಸಿರಿ. ಅಂಚುಗಳು ಹಾಳೆಯ ಮೇಲೆ ಸುತ್ತಲೂ ಹರಡಿಕೊಳ್ಳಬೇಕು; ಅವೇ ದೆವ್ವದ ಕಾಲು. ನೆರಳಲ್ಲಿ ಒಂದು ರಾತ್ರಿ ಬಿಡಿರಿ. ಬೇಗ ಒಣಗಲೆಂದು ಬಿಸಿಲಿಗೆ ಇಟ್ಟರೆ ಒಳಗಿನ ಗಾಳಿ ಹಿಗ್ಗಿ ಪುಗ್ಗಾ ಒಡೆಯುತ್ತದೆ, ಹಸಿ ಬಟ್ಟೆ ಕುಸಿಯುತ್ತದೆ. ಬೆಳಿಗ್ಗೆ ಗಂಟಿನ ಹತ್ತಿರ ಸೂಜಿ ಚುಚ್ಚಿ ಗಾಳಿ ನಿಧಾನವಾಗಿ ಬಿಟ್ಟು ತಂಬಿಗೆ ತೆಗೆಯಿರಿ. ಒಡೆದ ಪುಗ್ಗಾದ ತುಂಡುಗಳನ್ನು ತಕ್ಷಣ ಎತ್ತಿಬಿಡಿರಿ, ಮಕ್ಕಳು ಬಾಯಿಗೆ ಹಾಕಿಕೊಂಡರೆ ಉಸಿರು ಕಟ್ಟುತ್ತದೆ. ಜಿರಳೆ ಬಾರದಿರಲೆಂದು ಅಂಟಿಗೆ ಮೈಲುತುತ್ತ ಹಾಕುವ ರೂಢಿ ಕೆಲವರಲ್ಲಿದೆ. ಅದು ವಿಷ. ಮಕ್ಕಳ ಕೆಲಸದಲ್ಲಿ ಬೇಡವೇ ಬೇಡ.

ಈಗ ಕಣ್ಣು. ಹಸಿ ಬಟ್ಟೆಯ ಮೇಲೆ ಸ್ಕೆಚ್ ಪೆನ್ನಿನ ಬಣ್ಣ ಹರಡುತ್ತದೆ, ಅದಕ್ಕೇ ಒಣಗಿದ ಮೇಲೆಯೇ ಕಣ್ಣು. ಮಗುವೇ ಇಡಬೇಕು ಅಂದೆನಲ್ಲ, ಯಾಕೆಂದು ಕೇಳಿರಿ.

ಬಾಗಲಕೋಟೆಯ ನವನಗರದ ಒಂದು ಮನೆ. ಆರನೇ ಇಯತ್ತೆಯ ಹುಡುಗ ಬಲು ಚಂದದ ದೆವ್ವ ಮಾಡಿ, ಕೆಂಪು ಕಣ್ಣು ಬರೆದು ನಡುಮನೆಯ ಮೂಲೆಯಲ್ಲಿಟ್ಟ. ನಾಲ್ಕು ವರ್ಷದ ತಂಗಿ ಆ ಕೋಣೆಗೆ ಕಾಲಿಡಲೊಲ್ಲಳು. ಊಟಕ್ಕೆ ಕರೆದರೂ ಹೊಸ್ತಿಲ ಮೇಲೇ ನಿಲ್ಲುವಳು. ಅಪ್ಪ ಬಟ್ಟೆ ಎತ್ತಿ ತೋರಿಸಿದರು, ಒಳಗೆ ಏನೂ ಇಲ್ಲ ಅಂದರು. ಉಪಯೋಗವಾಗಲಿಲ್ಲ. ಅಜ್ಜಿ ಏನು ಮಾಡಿದರು? ದೆವ್ವದ ಮುಖವನ್ನು ಗೋಡೆಗೆ ತಿರುಗಿಸಿದರು. ಬೆನ್ನಿನ ಕಡೆ ಬರೀ ಬಿಳಿ. "ಯವ್ವಾ, ಈ ಕಡೆ ಇದಕ್ಕ ಕಣ್ಣs ಇಲ್ಲ ನೋಡು. ಪಾಪ, ದಾರಿ ಹೆಂಗ ಕಾಣಬೇಕು? ನೀನs ಇಡು" ಅಂತ ಪೆನ್ನು ಕೈಗೆ ಕೊಟ್ಟು ಹಿಂದೆ ಸರಿದರು. ಹುಡುಗಿ ದೂರದಿಂದಲೇ ಕೈ ಚಾಚಿ ಒಂದು ಕಣ್ಣಿಟ್ಟಳು. ಆಮೇಲೆ ಹತ್ತಿರ ಕೂತು ಎರಡನೆಯದು. ಸಾಲದೆಂದು ಹಣೆಯ ಮೇಲೆ ಮೂರನೆಯದು, ಮೂಗಿಗೆ ನತ್ತು, ಬಾಯಿಗೆ ಐದೇ ಹಲ್ಲು. ರಾತ್ರಿ ಊಟದ ಹೊತ್ತಿಗೆ ಅದರ ಮುಂದೆ ಒಂದು ಚೂರು ರೊಟ್ಟಿ ಇತ್ತು. ಅಣ್ಣ ಮುಟ್ಟಲು ಹೋದರೆ "ಅದು ನಂದು" ಅಂತ ಜಗಳಕ್ಕೆ ನಿಂತಳಂತೆ.

ಇಷ್ಟೇ ನಾನು ಹೇಳುವುದು. ತಾನು ಕಣ್ಣಿಟ್ಟ ದೆವ್ವಕ್ಕೆ ಮಗು ಅಂಜುವುದಿಲ್ಲ. ಕಣ್ಣು ಸೊಟ್ಟಗಾಗಲಿ, ಮೂರಾಗಲಿ, ದಯವಿಟ್ಟು ತಿದ್ದಲು ಹೋಗಬೇಡಿರಿ. ದೊಡ್ಡವರಿಗೆ ಈ ತಿದ್ದುವ ಚಟ ಯಾಕೋ ಬಿಡುವುದೇ ಇಲ್ಲ!

ಇನ್ನು ಎಲುಬಿನ ಗೊಂಬೆ. ನಮ್ಮ ಜೋಳದ ದಂಟು ಇರುವಾಗ ಅಂಗಡಿಯ ಸಾಮಾನು ಯಾತಕ್ಕೆ? ಬಣವೆಯ ಹಳೆಯ ಒಣ ದಂಟೇ ಬೇಕು. ಹಸಿ ದಂಟಿನ ಬೆಂಡು ಒಣಗುತ್ತ ಕುಗ್ಗುತ್ತದೆ, ಚುಚ್ಚಿದ ಕಡ್ಡಿ ಸಡಿಲಾಗಿ ಕೈಕಾಲು ಉದುರುತ್ತವೆ. ಮೇಲಿನ ಸಿಬರನ್ನು ದೊಡ್ಡವರೇ ಸುಲಿಯಬೇಕು, ಅದರ ಅಂಚು ಬ್ಲೇಡಿನಷ್ಟು ಹರಿತ. ಒಳಗಿನ ಬಿಳಿ ಬೆಂಡೇ ಎಲುಬು. ಗೇಣುದ್ದದ ಒಂದು ಬೆಂಡು ಬೆನ್ನಿಗೆ, ಬೆರಳುದ್ದದ ಎಂಟು ಕೈಕಾಲಿಗೆ, ದಪ್ಪನೆಯ ಗಿಡ್ಡ ತುಂಡು ತಲೆಗೆ. ಸಿಬರನ್ನು ಸಣ್ಣಗೆ ಸೀಳಿ, ಅಂಚು ಉಜ್ಜಿ ಕೊಟ್ಟರೆ ಅದೇ ಮೊಳೆ. ಬೆಂಡು ಮೆತ್ತಗಿರುವುದರಿಂದ ನಾಲ್ಕು ವರ್ಷದ ಮಗುವೂ ಚುಚ್ಚಿ ಜೋಡಿಸುತ್ತದೆ. ಪಕ್ಕೆಲುಬಿಗೆ ಸಿಬರನ್ನು ಹತ್ತು ನಿಮಿಷ ನೀರಲ್ಲಿ ನೆನೆಸಿ ಬಗ್ಗಿಸಿರಿ, ಒಣದನ್ನು ಬಗ್ಗಿಸಿದರೆ ಮುರಿಯುತ್ತದೆ. ಕಣ್ಣಿಗೆ ಮೆಣಸಿನಕಾಳು ಬೇಡ, ಮಕ್ಕಳು ಮೂಗಿಗೆ ತುರುಕಿಕೊಳ್ಳುತ್ತಾರೆ. ಪೆನ್ನಿನ ಬೊಟ್ಟು ಸಾಕು. ಯಾರು ಇಡಬೇಕು? ಗೊತ್ತಲ್ಲ.

ಸಮಯ ಕಡಿಮೆಯಿದೆ, ಬಾವಲಿಯನ್ನು ಚುಟುಕಾಗಿ ಹೇಳುತ್ತೇನೆ. ಕರಿ ಹಾಳೆ ಮಡಿಸಿ ಅರ್ಧ ಬಾವಲಿ ಬರೆದುಕೊಡಿರಿ, ಮಗು ಕತ್ತರಿಸಲಿ. ಮಡಿಕೆಯ ಕಡೆ ಕತ್ತರಿಸಿದರೆ ಎರಡು ಹೋಳಾಗುತ್ತದೆ, ಅದಕ್ಕೆ ಮಡಿಕೆಯ ಮೇಲೆ ಬಿಳಿ ಗೆರೆ ಎಳೆದು "ಇಲ್ಲಿ ಕತ್ತರಿ ಬೇಡ" ಅನ್ನಿರಿ. ದಪ್ಪ ಕಾರ್ಡ್‌ಶೀಟ್ ಬೇಡ, ಮೊಂಡು ಕತ್ತರಿಗೆ ಬಗ್ಗುವುದಿಲ್ಲ. ಎರಡೂ ರೆಕ್ಕೆಗೆ ದಾರ ಕಟ್ಟಿ ತೂಗುಹಾಕಿರಿ.

ಕೊನೆಗೆ ಬೆಳಕು. ಗಂಜಿ ಬಟ್ಟೆ, ಒಣ ಬೆಂಡು, ಹಾಳೆ ಮೂರೂ ಭಗ್ ಎಂದು ಹತ್ತಿಕೊಳ್ಳುವಂಥವು. ಪಣತಿ, ಮೇಣದಬತ್ತಿ ಹತ್ತಿರ ತರಬೇಡಿರಿ. ಗುಂಡಿಯಂಥ ಸಣ್ಣ ಸೆಲ್ಲಿನ ಎಲ್‌ಇಡಿ ದೀಪವೂ ಬೇಡ. ಆ ಸೆಲ್ಲು ನುಂಗಿದರೆ ಎರಡೇ ತಾಸಿನಲ್ಲಿ ಅನ್ನನಾಳ ಸುಡುತ್ತದೆ; ನುಂಗಿದ ಅನುಮಾನ ಬಂದರೂ ಸಾಕು, ನೇರ ದವಾಖಾನೆಗೆ ಓಡಿರಿ. ಮನೆಯ ಬ್ಯಾಟರಿ, ಅಂದರೆ ಟಾರ್ಚು, ಅದೇ ಸಾಕು. ಟ್ಯೂಬ್‌ಲೈಟ್ ಆರಿಸಿ, ಬಾವಲಿಯ ಹಿಂದಿನಿಂದ ಬೆಳಕು ಬಿಡಿರಿ. ಬ್ಯಾಟರಿ ಹತ್ತಿರ ತಂದಷ್ಟೂ ಗೋಡೆಯ ಮೇಲೆ ನೆರಳು ದೊಡ್ಡದಾಗುತ್ತದೆ. ಬ್ಯಾಟರಿಯನ್ನೂ ಮಗುವಿನ ಕೈಗೇ ಕೊಡಿರಿ. ನಮಸ್ಕಾರ.