ಒಂದು ಡಿಕ್ಷನರಿ, ಅರವತ್ತು ವರ್ಷ: ಕೆನ್ ಹೇಲ್ ಮಾಡಿದ ಕೆಲಸ

[ಸ್ಕ್ರೀನ್ ಮೇಲೆ ಒಂದೇ ಪದ: ವಳ್ಪಿರಿ]

ಇದನ್ನ ಒಂದ್ಸಲ ಜೋರಾಗಿ ಓದಿ ನೋಡಣ. ವಳ್ಪಿರಿ. ಆ 'ಳ' ಇದ್ಯಲ್ಲ, ನಮ್ಮ ಹಳ್ಳಿ, ಬಾಳೆಹಣ್ಣಿನ 'ಳ'ನೇ ಅದು. ಇಂಗ್ಲಿಷ್ ಆಡೋರು ಇದಕ್ಕೆ ನಾಲಿಗೆ ಮಡಚೋಕೆ ಒದ್ದಾಡ್ತಾರೆ, ನಮಗೆ ನೀರು ಕುಡಿದಷ್ಟು ಸಲೀಸು. ಆದ್ರೆ ಇದು ಇಂಡಿಯಾದ ಭಾಷೆ ಅಲ್ಲ, ಆಸ್ಟ್ರೇಲಿಯಾದ ನಟ್ಟನಡುವೆ ಮರಳುಗಾಡಲ್ಲಿ ಯುಯೆಂಡುಮು, ಲಜಮಾನು ಅಂತ ಊರುಗಳಿದಾವೆ, ಅಲ್ಲಿನ ಮೂಲನಿವಾಸಿಗಳ ಭಾಷೆ. ಹಂಗಾದ್ರೆ ಅವರೂ ದ್ರಾವಿಡರಾ ಅಂತ ಈಗ್ಲೇ ಶುರು ಹಚ್ಕೋಬೇಡಿ, ಸದ್ದು ಒಂದೇ ಥರ ಇದ್ದಮಾತ್ರಕ್ಕೆ ನೆಂಟಸ್ತನ ಆಗಲ್ಲ.

ಈ ಭಾಷೆಗೆ ಅರ್ಧ ಆಯಸ್ಸು ಕೊಟ್ಟೋರು ಕೆನ್ ಹೇಲ್ ಅನ್ನೋ ಲಿಂಗ್ವಿಸ್ಟ್, ಅಂದ್ರೆ ಭಾಷಾವಿಜ್ಞಾನಿ. ಹುಟ್ಟಿದ್ದು 1934, ಬೆಳೆದಿದ್ದು ಅಮೆರಿಕದ ಅರಿಝೋನಾದಲ್ಲಿ, ದನ ಸಾಕೋ ರ‍್ಯಾಂಚಲ್ಲಿ. ಬೋರ್ಡಿಂಗ್ ಸ್ಕೂಲಲ್ಲಿ ಜೊತೇಲಿದ್ದ ಮೂಲನಿವಾಸಿ ಹುಡುಗರ ಹತ್ರ ಹರಟೆ ಹೊಡೀತಾ ಹೊಡೀತಾನೇ ಹೋಪಿ, ನವಾಹೋ ಅಂತ ಅವರ ಭಾಷೆಗಳನ್ನೆಲ್ಲ ಕಲಿತ್ಬಿಟ್ರು. ಕಾಲೇಜಲ್ಲಿ ಗೂಳಿ ಸವಾರಿ ಗೆದ್ದು ಒಂದು ಬೆಲ್ಟ್ ಬಕಲ್ ತಗೊಂಡಿದ್ರು, ಎಂಐಟಿ ಪ್ರೊಫೆಸರ್ ಆದ್ಮೇಲೂ ಅದನ್ನೇ ಹಾಕ್ಕೊಂಡು ಓಡಾಡೋರು.

1959ರಲ್ಲಿ ಪಿಎಚ್‌ಡಿ ಮುಗೀತು, ಅದೇ ವರ್ಷ ಆಸ್ಟ್ರೇಲಿಯಾಗೆ ಹೊರಟ್ರು. ಫೀಲ್ಡ್‌ವರ್ಕ್ ಅಂದ್ರೆ ದೊಡ್ಡ ಸಾಹಸ ಅಂದ್ಕೋತೀವಿ, ಶುರುವಾಗೋದು ಮಾತ್ರ ಒಬ್ಬ ಹಿರಿಯರ ಎದುರು ಕೂತು ಕೈಗೆ ಏನಂತೀರ, ನೀರಿಗೆ ಏನಂತೀರ ಅಂತ ಚಿಕ್ಕ ಮಗು ಥರ ಕೇಳೋದ್ರಿಂದ, ಹೇಳಿದ್ದನ್ನ ತಪ್ಪುತಪ್ಪಾಗಿ ವಾಪಸ್ ಹೇಳಿ ನಗಿಸ್ಕೊಳ್ಳೋದ್ರಿಂದ.

[ಸ್ಕ್ರೀನ್: ಙರ್ಕಙ್ಕು ಕ ವವಿರ್ರಿ ಪಂತಿಣಿ]

ಒಂದನೇ ಕ್ಲಾಸಿಂದ ವರ್ಣಮಾಲೇಲಿ ಸುಮ್ನೆ ಕೂತಿದ್ದ ನಮ್ಮ 'ಙ'ಗೆ ನೋಡಿ, ಕೊನೆಗೂ ಒಂದು ಕೆಲಸ ಸಿಕ್ತು! ಇದೊಂದು ವಳ್ಪಿರಿ ವಾಕ್ಯ, ಅರ್ಥ ಏನಂದ್ರೆ, ಮನುಷ್ಯ ಕಾಂಗರೂನ ಈಟೀಲಿ ತಿವೀತಿದಾನೆ. ಆ 'ಕ' ಎರಡನೇ ಜಾಗದಲ್ಲಿ ಇರ್ಲೇಬೇಕು, ಮಿಕ್ಕಿದ್ದನ್ನ ಹೆಂಗ್ ಬೇಕಾದ್ರೂ ಹಿಂದೆಮುಂದೆ ಮಾಡಿ, ತಿವಿಯೋನು ಮನುಷ್ಯಾನೇ, ಯಾಕಂದ್ರೆ 'ಙರ್ಕಙ್ಕು' ಪದದ ಕೊನೇಲಿರೋ 'ಙ್ಕು' ತಿವಿದೋನು ಯಾರು ಅಂತ ಹೇಳತ್ತೆ. ವಿಭಕ್ತಿ ಪ್ರತ್ಯಯ ಹಾಕಿ ಬೆಳೆದ ನಮಗೆ ಇದೇನು ಮಹಾ ಅನ್ಸತ್ತೆ, ಇಂಗ್ಲಿಷಲ್ಲಿ ಜಾಗ ಬದಲಾಯ್ಸಿದ್ರೆ ಕಾಂಗರೂನೇ ಮನುಷ್ಯನ್ನ ತಿವಿಯತ್ತೆ. 1983ರಲ್ಲಿ ಹೇಲ್ ಇದರ ಮೇಲೆ ಬರೆದ ಲೇಖನ ವಾಕ್ಯರಚನೆಯ ಥಿಯರಿ ಮಾಡೋರಿಗೆ ಒಳ್ಳೆ ತಲೆನೋವು ತಂತು.

ನಂಗೆ ಇದಕ್ಕಿಂತ ಮಜಾ ಅನ್ಸಿದ್ದು ಜಿಲಿವಿರ್ರಿ. ವಳ್ಪಿರಿ ಜನರಲ್ಲಿ ಹುಡುಗರನ್ನ ದೊಡ್ಡವರ ಸಾಲಿಗೆ ಸೇರಿಸೋ ದೀಕ್ಷೆ ಟೈಮಲ್ಲಿ ಗಂಡಸರು ಆಡೋ ಉಲ್ಟಾ ಭಾಷೆ. 'ನಾನು ನೆಲದ ಮೇಲೆ ಕೂತಿದೀನಿ' ಅನ್ಬೇಕು ಅಂದ್ರೆ 'ಇನ್ನೊಬ್ಬ ಆಕಾಶದಲ್ಲಿ ನಿಂತಿದಾನೆ' ಅನ್ಬೇಕು! ನಾನು, ನೆಲ, ಕೂರೋದು, ಎಲ್ಲಕ್ಕೂ ವಿರುದ್ಧ ಪದ, ಅದೂ ಮಾತಿನ ಸ್ಪೀಡಲ್ಲಿ. ಯಾವುದಕ್ಕೆ ಯಾವುದು ವಿರುದ್ಧ ಅಂತ ಇಡೀ ಭಾಷೇನೇ ತಲೇಲಿ ಜೋಡಿಸಿಟ್ಕೊಂಡಿರ್ಬೇಕು, ವಿರುದ್ಧಾರ್ಥಕ ಪದ ಬರೆಯಿರಿ ಅಂದ್ರೆ ಐದು ಮಾರ್ಕ್ಸಿಗೆ ಬೆವರಿದ ನಮ್ಮಂಥೋರು ಅಲ್ಲಿ ಪಾಸಾಗ್ತಿರ್ಲಿಲ್ಲ ಬಿಡಿ.

ಹೇಲ್‌ಗೆ ಐವತ್ತು ಭಾಷೆ ಬರತ್ತೆ ಅಂತ ಜನ ಹೇಳೋರು, ಅವರು ಮಾತ್ರ ನಂಗೆ ಮಾತಾಡೋಕೆ ಬರೋದು ಮೂರೇ, ಇಂಗ್ಲಿಷ್, ಸ್ಪ್ಯಾನಿಷ್, ವಳ್ಪಿರಿ ಅಂತಿದ್ರಂತೆ. ಇನ್ನೊಂದು, ಆ ಭಾಷೆಯವರೇ ಲಿಂಗ್ವಿಸ್ಟ್ ಆಗ್ಬೇಕು ಅನ್ನೋದು ಅವರ ಹಠ. ನವಾಹೋದವರಿಗೆ, ಹೋಪಿಯವರಿಗೆ ಎಂಐಟೀಲಿ ಪಾಠ ಮಾಡಿದ್ರು. ಮ್ಯಾಸಚೂಸೆಟ್ಸ್‌ನ ವಾಂಪನೋಗ್ ಭಾಷೆ ಆಡೋರು ನೂರೈವತ್ತು ವರ್ಷದಿಂದ ಯಾರೂ ಇರ್ಲಿಲ್ಲ, ಆ ಜನಾಂಗದ ಜೆಸ್ಸಿ ಲಿಟಲ್ ಡೋ ಬೇರ್ಡ್ ಇವರ ಹತ್ರ ಕಲಿತು, 1663ರ ಬೈಬಲ್ ಅನುವಾದ, ಹಳೇ ಜಮೀನು ಪತ್ರಗಳಿಂದ ವ್ಯಾಕರಣ ಹೆಕ್ಕಿ, ಹುಟ್ಟಿದ ಮಗಳ ಹತ್ರ ಅದೇ ಭಾಷೇಲಿ ಮಾತಾಡಿ ಬೆಳೆಸಿದ್ರು.

ಹೇಲ್ 2001ರಲ್ಲಿ ತೀರ್ಕೊಂಡ್ರು. 1959ರಿಂದ ನೋಟ್‌ಬುಕ್ಕಲ್ಲಿ ಬರ್ಕೊಂಡಿದ್ದ ವಳ್ಪಿರಿ ಪದಗಳಿಗೆ ಆ ಊರಿನವರೂ ಬೇರೆ ಲಿಂಗ್ವಿಸ್ಟ್‌ಗಳೂ ವರ್ಷಾನುಗಟ್ಟಲೆ ಸೇರಿಸ್ತಾ ಹೋದ್ರು, ಡಿಕ್ಷನರಿ ಪ್ರಿಂಟಾಗಿ ಹೊರಗೆ ಬಂದಿದ್ದು 2022ರಲ್ಲಿ.